ಹಳೇ ಬೇಸ್‌ಬಾಲ್ ಕಾರ್ಡಿನ ಮೇಲೆ 1887 ಅಂತಿದೆ, ಹಾಗಾದರೆ ಅದು 1887ರದ್ದೇ ಅಲ್ವಾ?

ಆಗಿರಬೇಕೆಂದೇನಿಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಜೊತೆಗೊಂದು ಮಸುಕು ಫೋಟೊ. ಈ ಸಲ ಬಿಡಿಸಿಯೇ ಬರೆಯುತ್ತೇನೆ.

ನೀವು ಕೇಳುವ ಕಾರ್ಡುಗಳಲ್ಲಿ ಹೆಚ್ಚಿನವು ಓಲ್ಡ್ ಜಡ್ಜ್ ಎಂಬ ಸಿಗರೇಟಿನವು. ನ್ಯೂಯಾರ್ಕಿನ ಗುಡ್‌ವಿನ್ ಕಂಪನಿ ಸಿಗರೇಟು ಪ್ಯಾಕಿನಲ್ಲಿ 1886ರಿಂದ 1890ರವರೆಗೆ ಹಾಕಿಕೊಟ್ಟ ಆಟಗಾರರ ಪುಟ್ಟ ಫೋಟೊಗಳು. ಸಂಗ್ರಹಕಾರರ ಲೆಕ್ಕದಲ್ಲಿ ಎನ್172. ಆ ನಂಬರು ಕೊಟ್ಟವರು ಅಮೆರಿಕದ ಕಾರ್ಡ್ ಸಂಗ್ರಹಕಾರ ಜೆಫರ್ಸನ್ ಬರ್ಡಿಕ್. ಅವರ ಕ್ಯಾಟಲಾಗಿನ ಕ್ರಮವನ್ನೇ ಇವತ್ತಿಗೂ ಎಲ್ಲರೂ ಹಿಡಿದಿದ್ದಾರೆ.

ಈಗ 1887 ಅಂತಿರುವ ಆ ಸಣ್ಣ ಅಕ್ಷರದ ಕಾಪಿರೈಟ್ ಸಾಲು. ಅದು ಹೇಳುವುದು ಫೋಟೊದ ಹಕ್ಕು ಯಾವ ವರ್ಷದ್ದು ಅಂತ, ಅಷ್ಟೇ. ಕಾರ್ಡು ಯಾವಾಗ ಪ್ಯಾಕಿಗೆ ಬಿತ್ತು ಅಂತಲ್ಲ. ಮನೆ ಮುಂದೆ 1962 ಅಂತ ಕೆತ್ತಿದ್ದರೆ ಗೋಡೆಯ ಬಣ್ಣವೂ 1962ರದ್ದೇ ಅನ್ನುತ್ತೀರಾ? ಕಂಪನಿಯವರು ಹಳೇ ಫೋಟೊವನ್ನೇ ಮತ್ತೆ ಪ್ರಿಂಟ್ ಹಾಕಿ ರಟ್ಟಿಗೆ ಅಂಟಿಸುತ್ತಿದ್ದರು. ಆಟಗಾರ ತಂಡ ಬದಲಿಸಿದರೆ ಕೆಳಗಿನ ಹೆಸರಿನ ಸಾಲು ಮಾತ್ರ ಬದಲು.

ಜಾನ್ ಕ್ಲಾರ್ಕ್‌ಸನ್‌ನನ್ನೇ ನೋಡಿ. ಷಿಕಾಗೊ ತಂಡ ಈ ಪಿಚರ್‌ನನ್ನು (ಚೆಂಡು ಎಸೆಯುವವನನ್ನು) 1888ರ ಏಪ್ರಿಲ್‌ನಲ್ಲಿ 10,000 ಡಾಲರಿಗೆ ಬಾಸ್ಟನ್ನಿಗೆ ಮಾರಿತು. ಅವನ ಹೆಸರಿನ ಪಕ್ಕ ಬಾಸ್ಟನ್ ಅಂತಿದ್ದರೆ, ಮೇಲೆ 1887 ಅಂತ ಎಷ್ಟೇ ದಪ್ಪಗೆ ಇರಲಿ, ಆ ಕಾರ್ಡು ಆ ಏಪ್ರಿಲ್‌ಗಿಂತ ಮುಂಚೆ ಹುಟ್ಟಲು ಸಾಧ್ಯವೇ ಇಲ್ಲ. ಹಾಗಾಗಿ ಮೊದಲು ತಂಡ ನೋಡಿ. ಆಮೇಲೆ ‘ಸ್ಪೋರ್ಟಿಂಗ್ ಲೈಫ್’, ‘ಸ್ಪೋರ್ಟಿಂಗ್ ನ್ಯೂಸ್’ ಥರದ ಆಗಿನ ಪತ್ರಿಕೆಗಳಲ್ಲಿ ಅವನು ಆ ತಂಡದಲ್ಲಿ ಯಾವಾಗಿನಿಂದ ಯಾವಾಗಿನವರೆಗೆ ಇದ್ದ ಅಂತ ಹುಡುಕಿ. ಬೇಜಾರಿನ ಕೆಲಸ, ನಿಜ. ಆದರೆ ಕ್ಯಾಟಲಾಗ್ ಮಾಡುವುದು ಅಂದರೆ ಇದೇ.

‘ಹರಾಜಿನ ಪಟ್ಟಿಯಲ್ಲೂ 1887 ಅಂತಲೇ ಇತ್ತು’ ಅನ್ನುತ್ತೀರಿ. ಪಟ್ಟಿ ಬರೆದವರೂ ಅದೇ ಸಾಲು ನೋಡಿ ಬರೆದಿರಬಹುದಲ್ಲ! ನಿಮ್ಮ ಪಟ್ಟಿಯಲ್ಲಿ ಅಚ್ಚಾದ ವರ್ಷಕ್ಕೆ ಒಂದು ಕಾಲಂ, ನೀವು ಲೆಕ್ಕ ಹಾಕಿದ ವರ್ಷಕ್ಕೆ ಇನ್ನೊಂದು ಕಾಲಂ ಇಡಿ. ಹೆಸರು ತಪ್ಪಾಗಿ ಅಚ್ಚಾಗಿದ್ದರೆ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಈ ಕಾರ್ಡುಗಳಲ್ಲಿ ಅಂಥ ತಪ್ಪು ಜಾಸ್ತಿ. ಒಬ್ಬನದೇ ಎರಡು ಕಾರ್ಡನ್ನು ಬೇರೆ ಮಾಡಲು ಕೆಲವೊಮ್ಮೆ ಸಿಗುವ ಗುರುತು ಅದೊಂದೇ.

ಇನ್ನೊಂದು ಮಾತು, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಭೂತಗನ್ನಡಿ ಹಿಡಿದು ಚೆಂಡಿನ ಮೇಲ್ಭಾಗ ನೋಡಿ. ಎಷ್ಟೋ ಕಾರ್ಡುಗಳಲ್ಲಿ ಒಂದು ದಾರ ಕಾಣುತ್ತದೆ. ಇವು ಮೈದಾನದ ಫೋಟೊಗಳಲ್ಲ, ಸ್ಟುಡಿಯೊದವು. ಹಾರುವ ಚೆಂಡನ್ನು ಆಗಿನ ಸ್ಟುಡಿಯೊದಲ್ಲಿ ಸ್ಪಷ್ಟವಾಗಿ ಹಿಡಿಯುವುದು ಕಷ್ಟ. ಅದಕ್ಕೇ ಚೆಂಡನ್ನು ದಾರದಲ್ಲಿ ತೂಗುಹಾಕಿ, ಆಟಗಾರನಿಗೆ ಕೈ ಚಾಚಿ ಅಲುಗಾಡದೆ ನಿಲ್ಲು ಅನ್ನುತ್ತಿದ್ದರು. ಹಿಂದೆ ಕಾಣುವ ಮರಗಿಡ ಪರದೆಯ ಮೇಲೆ ಬರೆದದ್ದು. ಓಡಿ ಮುಟ್ಟಬೇಕಾದ ಬೇಸ್‌ನತ್ತ ಜಾರುತ್ತಿರುವವನು ಮಲಗಿರುವುದು ಸ್ಟುಡಿಯೊ ನೆಲದ ಮೇಲೆ. ದಾರ ಕಂಡಿತು ಅಂತ ಸುಮ್ನೆ ನಕಲಿ ಕಾರ್ಡಿನ ರಾಶಿಗೆ ಹಾಕಬೇಡಿ.