ಓದುಗರ ಪ್ರಶ್ನೆ: ಇಟಲಿಯ ಬೆಟ್ಟದ ಹಳ್ಳಿಯಲ್ಲಿ ಉಳಿದರೆ ಸುತ್ತಮುತ್ತ ಏನೇನು ನೋಡಬಹುದು?

ಪ್ರಶ್ನೆ: ಇಟಲಿಗೆ ಹೋಗಿ ಬಂದವರೆಲ್ಲ ರೋಮ್, ಫ್ಲಾರೆನ್ಸ್, ವೆನಿಸ್ ಎನ್ನುತ್ತಾರೆ. ನಮಗೆ ಬೆಟ್ಟದ ಮೇಲಿನ ಒಂದು ಹಳ್ಳಿಯಲ್ಲಿ ಎರಡು ಮೂರು ದಿನ ತಳವೂರಿ ಸುತ್ತಲಿನ ಕೋಟೆಗಳನ್ನೂ ಬೆಟ್ಟ ಬಯಲುಗಳನ್ನೂ ನೋಡುವ ಆಸೆ. ಯಾವ ಹಳ್ಳಿ ಆರಿಸಿಕೊಳ್ಳಬೇಕು? ಕಾರಿಲ್ಲದೆ ಸಾಧ್ಯವೇ?

ಉತ್ತರ: ಬೆಟ್ಟ ಎಂದ ತಕ್ಷಣ ಉತ್ತರದ ಆಲ್ಪ್ಸ್ ಕಡೆಗೆ ಮುಖ ಮಾಡಬೇಕಿಲ್ಲ. ರೋಮ್‌ನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ ಪೂರ್ವಕ್ಕೆ ಹೋದರೆ ಅಬ್ರುಝೋ ಪ್ರಾಂತ್ಯ. ಅಲ್ಲಿ ಸಮುದ್ರಮಟ್ಟದಿಂದ ಸುಮಾರು 1,250 ಮೀಟರ್ ಎತ್ತರದಲ್ಲಿ ಸಾಂತೋ ಸ್ತೆಫಾನೋ ದಿ ಸೆಸ್ಸಾನಿಯೋ ಎಂಬ ಕಲ್ಲಿನ ಹಳ್ಳಿಯಿದೆ. ವರ್ಷವಿಡೀ ಅಲ್ಲೇ ನೆಲೆಸಿರುವವರು ನೂರರ ಆಸುಪಾಸು, ಅಷ್ಟೇ. ಗ್ರಾನ್ ಸಾಸ್ಸೋ ರಾಷ್ಟ್ರೀಯ ಉದ್ಯಾನದೊಳಗೆ ಇರುವ ಈ ಊರನ್ನೇ ನೆಲೆ ಮಾಡಿಕೊಳ್ಳಿ ಎಂಬುದು ನನ್ನ ಸಲಹೆ.

ಹೋಗುವ ಮೊದಲು ಒಂದು ಸಂಗತಿ ತಿಳಿದಿದ್ದರೆ ನೋಡುವುದೆಲ್ಲ ಒಂದಕ್ಕೊಂದು ಹೊಂದಿಕೊಳ್ಳುತ್ತದೆ: ಈ ಸೀಮೆಯನ್ನು ಕಟ್ಟಿದ್ದು ರಾಜರಿಗಿಂತ ಹೆಚ್ಚಾಗಿ ಕುರಿ. ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲು, ಚಳಿಗಾಲಕ್ಕೆ ದಕ್ಷಿಣದ ಪುಲ್ಯದ ಬಯಲು, ಹೀಗೆ ಮಂದೆಗಳು ಶತಮಾನಗಳ ಕಾಲ ಮೇಲೆ ಕೆಳಗೆ ಓಡಾಡಿದವು. ಇಲ್ಲಿನ ಲಾಕ್ವಿಲಾ ನಗರದಿಂದ ಪುಲ್ಯದ ಫೋಜ್ಜಾಕ್ಕೆ ಹೋಗುವ ಕುರಿದಾರಿಯ ಉದ್ದ 244 ಕಿ.ಮೀ., ಅಗಲ 111 ಮೀಟರ್. ಇಂದಿನ ಹೆದ್ದಾರಿಗಳಿಗೂ ಇಲ್ಲದ ಅಗಲ! ಅದು ಹಾಗಿದ್ದುದು ಮಂದೆಗಳು ಮೇಯುತ್ತಲೇ ನಡೆಯಲಿ ಎಂದು. ನೇಪಲ್ಸ್‌ನ ಅರಸ ಅಲ್ಫೋನ್ಸೋ 1447ರಲ್ಲಿ ಈ ಓಡಾಟಕ್ಕೆಂದೇ ಒಂದು ಸುಂಕದ ಇಲಾಖೆ ತೆರೆದ. ಖಜಾನೆಗೆ ಕುರಿಯಿಂದ ಬರುತ್ತಿದ್ದ ಆದಾಯ ಅಷ್ಟು ದೊಡ್ಡದಿತ್ತು. ಈ ವಲಸೆಯ ಕುರಿಗಾಹಿತನವನ್ನು ಯುನೆಸ್ಕೋ 2019ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮಂದೆ ಕಟ್ಟಿಕೊಂಡು ಊರೂರು ತಿರುಗುವ ನಮ್ಮ ಕುರುಬರನ್ನೂ ಅವರ ಕರಿ ಕಂಬಳಿಯನ್ನೂ ಕಂಡವರಿಗೆ ಇಲ್ಲಿನ ಕಥೆ ಬಿಡಿಸಿ ಹೇಳಬೇಕಿಲ್ಲ.

ಏಕೆಂದರೆ ಸಾಂತೋ ಸ್ತೆಫಾನೋದ ಸಿರಿಯೂ ಒರಟಾದ ಕಪ್ಪು ಉಣ್ಣೆಯದೇ. ಸನ್ಯಾಸಿಗಳ ನಿಲುವಂಗಿಗೂ ಸೈನಿಕರ ಬಟ್ಟೆಗೂ ಅದು ಹೋಗುತ್ತಿತ್ತು. ಫ್ಲಾರೆನ್ಸ್‌ನ ಮೆದಿಚಿ ಮನೆತನ 1579ರಲ್ಲಿ ಈ ಹಳ್ಳಿಯನ್ನು ಪಿಕ್ಕೊಲೋಮಿನಿ ಮನೆತನದಿಂದ ಕೊಂಡುಕೊಂಡಿತು. ಊರಬಾಗಿಲಿನ ಮೇಲೆ ಮೆದಿಚಿಗಳ ಲಾಂಛನ ಇಂದಿಗೂ ಇದೆ, ತಲೆಯೆತ್ತಿ ನೋಡಿ. ಒಳಗೆ ಹೊಕ್ಕರೆ ಓಣಿಗಳು ಮನೆಗಳ ಕೆಳಗೇ ತೂರಿ ಹೋಗುತ್ತವೆ. ಕಮಾನಿನಡಿ ಹಗಲಲ್ಲೂ ಮಬ್ಬು. ತೋಳು ಚಾಚಿದರೆ ಎರಡೂ ಬದಿಯ ಗೋಡೆ ಸಿಗುವಷ್ಟು ಇಕ್ಕಟ್ಟು. ಮಹಡಿಯ ಮೆಟ್ಟಿಲು ಮನೆಯ ಹೊರಗೆ. ಗಾಳಿ ಮತ್ತು ಹಿಮ ಒಳನುಗ್ಗದಿರಲು ಊರಿಗೆ ಊರೇ ಹೀಗೆ ಮೈ ಮುದುಡಿಕೊಂಡಿದೆ. ನಡುವಿನ ದುಂಡು ಗೋಪುರ 2009ರ ಏಪ್ರಿಲ್ 6ರಂದು ಲಾಕ್ವಿಲಾವನ್ನು ನಡುಗಿಸಿದ ಭೂಕಂಪದಲ್ಲಿ ಕುಸಿಯಿತು. ಈಗ ಕಾಣುವುದು ಮತ್ತೆ ಕಟ್ಟಿದ್ದು. ಪಾಳುಬಿದ್ದ ಮನೆಗಳನ್ನು ಹಾಗೆಯೇ ಉಳಿಸಿಕೊಂಡು, ಒಂದೊಂದು ಮನೆಯಲ್ಲಿ ಒಂದೆರಡು ಕೋಣೆಗಳಂತೆ ಊರಿಡೀ ಹರಡಿರುವ ಹೋಟೆಲ್ ಕೂಡ ಇಲ್ಲಿದೆ. ಬಾಡಿಗೆ ಸ್ವಲ್ಪ ಖಾರವೇ. ಅದರ ಹೆಸರು ಕೇಳಿಕೊಂಡೇ ಬರುವವರು ಬಹಳ, ಆದರೆ ಸಾಮಾನ್ಯ ವಸತಿಗೃಹಗಳೂ ಸಿಗುತ್ತವೆ.

ಮೊದಲ ದಿನ ಕಾಲ್ನಡಿಗೆಯಲ್ಲಿ ರೋಕ್ಕಾ ಕಲಾಶ್ಯೋ ಕೋಟೆಗೆ ಹೋಗಿ. ಹಳ್ಳಿಯಿಂದ ಗುಡ್ಡದ ಹಾದಿ ಹಿಡಿದರೆ ಒಂದೂವರೆ ಗಂಟೆಯ ನಡಿಗೆ, ಏರು ಕಡಿದಾಗಿಲ್ಲ. ಸುಮಾರು 1,460 ಮೀಟರ್ ಎತ್ತರದಲ್ಲಿರುವ ಇದು ಇಟಲಿಯ ಅತಿ ಎತ್ತರದ ಕೋಟೆಗಳಲ್ಲೊಂದು. ನಾಲ್ಕು ಮೂಲೆಗೆ ನಾಲ್ಕು ದುಂಡು ಗೋಪುರ, ನಡುವೆ ಚೌಕದ ಬುರುಜು, ಸುತ್ತ ಏನೂ ಇಲ್ಲ. ಇಷ್ಟು ಎತ್ತರದ ಬೋಳುಗುಡ್ಡಕ್ಕೆ ಕೋಟೆ ಯಾತಕ್ಕೆ ಎಂದು ಅನ್ನಿಸುತ್ತದೆ. ಕೆಳಗೆ ನೋಡಿದರೆ ಉತ್ತರ ಅಲ್ಲೇ ಇದೆ: ಕಣಿವೆಯ ಕುರಿದಾರಿ ಇಲ್ಲಿಂದ ಉದ್ದಕ್ಕೂ ಕಾಣುತ್ತದೆ. ಕೋಟೆಯ ಕೆಳಗಿನ ಊರಿನ ಬಹುಭಾಗವನ್ನು 1703ರ ಭೂಕಂಪ ಕೆಡವಿತು, ಜನ ಕೆಳಗಿನ ಕಲಾಶ್ಯೋ ಗ್ರಾಮಕ್ಕೆ ಇಳಿದರು. ಸ್ವಲ್ಪ ದೂರದಲ್ಲಿ ಎಂಟು ಮೂಲೆಯ ಸಾಂತಾ ಮರೀಯಾ ದೆಲ್ಲಾ ಪಿಯೆತಾ ಚರ್ಚು ಒಂಟಿಯಾಗಿ ನಿಂತಿದೆ. ದುರಸ್ತಿ ಕೆಲಸಕ್ಕೆಂದು ಕೋಟೆಯ ಒಳಭಾಗವನ್ನು ಮುಚ್ಚುವುದುಂಟು, ಹೊರಡುವ ಮುನ್ನ ವಿಚಾರಿಸಿ. ಹೊರಗಿನಿಂದ ನೋಡಿದರೂ ಬಂದದ್ದು ವ್ಯರ್ಥವಾಗುವುದಿಲ್ಲ. ಬೇಸಿಗೆಯ ವಾರಾಂತ್ಯಗಳಲ್ಲಿ ಮಾತ್ರ ಛಾಯಾಚಿತ್ರದ ಗದ್ದಲ. ಬೆಳಗ್ಗೆ ಬೇಗ ಹೊರಟರೆ ಅದರಿಂದ ಪಾರು.

ಎರಡನೆಯ ದಿನವನ್ನು ಕಾಂಪೋ ಇಂಪೆರಾತೋರೆಗೆ ಮೀಸಲಿಡಿ. ನನ್ನನ್ನು ಕೇಳಿದರೆ ಇಡೀ ಪ್ರವಾಸದ ತಿರುಳು ಇದೇ. ಸುಮಾರು 27 ಕಿ.ಮೀ. ಉದ್ದದ ಎತ್ತರದ ಬಯಲು, ಮರವೆಂಬುದು ಇಲ್ಲವೇ ಇಲ್ಲವೆನ್ನಬಹುದು. ನೂರಾರು ವರ್ಷ ಕುರಿ ಮೇಯ್ದ ನೆಲವಾದ್ದರಿಂದ ಈ ಬೋಳುತನವೂ ಪೂರಾ ಪ್ರಕೃತಿಯ ಕೆಲಸವಲ್ಲ. ಬಯಲಿನ ಅಂಚಿಗೆ 2,912 ಮೀಟರ್ ಎತ್ತರದ ಕೋರ್ನೋ ಗ್ರಾಂದೆ, ಅಪೆನ್ನೈನ್ ಶ್ರೇಣಿಯ ಅತ್ಯುನ್ನತ ಶಿಖರ. ಬೊಲೋನ್ಯಾದ ಫ್ರಾನ್ಚೆಸ್ಕೋ ದೆ ಮಾರ್ಕಿ 1573ರಲ್ಲೇ ಇದನ್ನು ಏರಿ ದಾಖಲಿಸಿದ್ದಾನೆ. ಶಿಖರದ ಮಗ್ಗುಲಲ್ಲಿರುವ ಕಾಲ್ದೆರೋನೆ ಬಹುಕಾಲ ಯುರೋಪಿನ ತೀರ ದಕ್ಷಿಣದ ಹಿಮನದಿ ಎನಿಸಿಕೊಂಡಿತ್ತು. ಕರಗುತ್ತಾ ಬಂದು ಈಗ ಎರಡು ತುಂಡಾಗಿ ಹಿಮದ ತೇಪೆಗಳಷ್ಟೇ ಉಳಿದಿವೆ. ಬೆಟ್ಟ ಹತ್ತಿ ಅಭ್ಯಾಸವಿಲ್ಲದಿದ್ದರೆ ಶಿಖರದ ಆಸೆ ಬಿಡಿ. ಬಯಲಲ್ಲಿ ಅಡ್ಡಾಡುವುದೇ ಸಾಕಷ್ಟು ಸುಖ.

ಬಯಲಿನ ಪಶ್ಚಿಮದ ತುದಿಯಲ್ಲಿ, 2,100 ಮೀಟರ್‌ಗೂ ಮೇಲೆ, ಇರುವ ಹೋಟೆಲ್ ಇತಿಹಾಸದ ಪುಸ್ತಕಕ್ಕೆ ಸೇರಿದ್ದು. 1943ರಲ್ಲಿ ಅಧಿಕಾರ ಕಳೆದುಕೊಂಡ ಮುಸ್ಸೊಲಿನಿಯನ್ನು ಸೆರೆಯಿಟ್ಟದ್ದು ಇಲ್ಲಿ. ಆ ವರ್ಷದ ಸೆಪ್ಟೆಂಬರ್ 12ರಂದು ಜರ್ಮನ್ ಸೈನಿಕರು ಎಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ ಬಂದಿಳಿದು ಅವನನ್ನು ಸಣ್ಣ ವಿಮಾನದಲ್ಲಿ ಹಾರಿಸಿಕೊಂಡು ಹೋದರು. ಅಲ್ಲಿ ನಿಂತು ಇಳಿಜಾರು ನೋಡಿದರೆ ಆ ವಿಮಾನ ಮೇಲೆದ್ದದ್ದೇ ಹೆಚ್ಚು ಎನ್ನಿಸುತ್ತದೆ.

ಬಯಲಲ್ಲಿ ಕುರಿಮಂದೆ ಕಂಡರೆ ಹುಷಾರು. ಮಂದೆಯ ನಡುವೆ ಬಿಳಿಯ ದೊಡ್ಡ ನಾಯಿಗಳಿರುತ್ತವೆ. ಮಲಗಿದ್ದಾಗ ಕುರಿಯಂತೆಯೇ ಕಾಣುತ್ತವೆ. ತೋಳಗಳಿಂದ ಮಂದೆ ಕಾಯುವ ಅಬ್ರುಝೋ ತಳಿ ಇವು. ತೋಳ ಕುತ್ತಿಗೆಗೆ ಬಾಯಿ ಹಾಕದಿರಲೆಂದು ಮುಳ್ಳಿನ ಕಬ್ಬಿಣದ ಪಟ್ಟಿ ಕಟ್ಟುವ ರೂಢಿಯಿದೆ. ಫೋಟೊಗೆಂದು ಹತ್ತಿರ ಹೋಗಬೇಡಿ, ಬಗ್ಗಿ ಕಲ್ಲು ಎತ್ತಬೇಡಿ, ಓಡಬೇಡಿ. ಬೊಗಳಿದರೆ ನಿಂತು, ನಿಧಾನವಾಗಿ ದೂರದಿಂದ ಸುತ್ತು ಹಾಕಿ ಹೋಗಿ.

ಇನ್ನೊಂದು ದಿನ ಉಳಿದರೆ ಬೊಮಿನಾಕೋ ಎಂಬ ಪುಟ್ಟ ಊರಿಗೆ ಹೋಗಿ. ಅಲ್ಲಿನ ಸಾನ್ ಪೆಲ್ಲೆಗ್ರಿನೋ ಪ್ರಾರ್ಥನಾಮಂದಿರದ ಗೋಡೆ, ಚಾವಣಿಗಳನ್ನೆಲ್ಲ 1263ರ ವರ್ಣಚಿತ್ರಗಳು ತುಂಬಿವೆ. ಬಾಗಿಲು ಸದಾ ತೆರೆದಿರುವುದಿಲ್ಲ, ಮೊದಲೇ ಹೇಳಿಟ್ಟು ಹೋಗಬೇಕು. ದಾರಿಯಲ್ಲೇ ನವೆಲ್ಲಿ ಬಯಲು, ಅಕ್ಟೋಬರ್ ಕೊನೆಯಲ್ಲಿ ಕೇಸರಿ ಹೂ ಬಿಡುವ ನೆಲ. ವಿಜ್ಞಾನದಲ್ಲಿ ಆಸಕ್ತಿಯಿರುವವರಿಗೆ ಒಂದು ಮಾತು: ಗ್ರಾನ್ ಸಾಸ್ಸೋ ಬೆಟ್ಟದಡಿಯ ಹೆದ್ದಾರಿ ಸುರಂಗದ ಪಕ್ಕದಲ್ಲಿ ಸುಮಾರು 1,400 ಮೀಟರ್ ಬಂಡೆಯ ಕೆಳಗೆ ನ್ಯೂಟ್ರಿನೋ ಎಂಬ ಅತಿ ಸೂಕ್ಷ್ಮ ಕಣಗಳ ಅಧ್ಯಯನದ ದೊಡ್ಡ ಪ್ರಯೋಗಾಲಯವಿದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಮೊದಲು ಸಿಕ್ಕ ತಾಣಗಳಲ್ಲೊಂದು ನಮ್ಮ ಕೋಲಾರದ ಚಿನ್ನದ ಗಣಿ, 1965ರಲ್ಲಿ.

ಕಾರಿನ ವಿಷಯ. ರೋಮ್‌ನಿಂದ ಲಾಕ್ವಿಲಾವರೆಗೆ ಬಸ್ಸುಗಳಿಗೆ ಕೊರತೆಯಿಲ್ಲ. ಅಲ್ಲಿಂದ ಹಳ್ಳಿಗೆ ಬೆರಳೆಣಿಕೆಯಷ್ಟೇ, ಭಾನುವಾರವಂತೂ ನೆಚ್ಚಿಕೊಳ್ಳಲಾಗದು. ಹಳ್ಳಿ ಮತ್ತು ಕೋಟೆಗೆ ಬಸ್ಸು, ಕಾಲು ಎರಡೇ ಸಾಕು. ಬಯಲು, ಬೊಮಿನಾಕೋ ಬೇಕೆಂದರೆ ಕಾರು ಬೇಕೇ ಬೇಕು. ಬಾಡಿಗೆಗೆ ಪಡೆಯುವುದಾದರೆ ಊರಿನ ಆರ್‌ಟಿಓ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೇ ವಿಮಾನ ಹತ್ತಿ. ಚಳಿಗಾಲದಲ್ಲಿ ಬಯಲಿನ ರಸ್ತೆ ಹಿಮಕ್ಕೆ ಮುಚ್ಚಿರುತ್ತದೆ. ಆಗ ಬೆಟ್ಟದ ಬುಡದ ಫೋಂತೆ ಚೆರ್ರೇತೋದಿಂದ ಕೇಬಲ್ ಕಾರ್ ಒಂದೇ ದಾರಿ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಒಳ್ಳೆಯ ಕಾಲ, ಆದರೂ ಸಂಜೆಗೆ ಸ್ವೆಟರ್ ಇರಲಿ.

ಊಟದ ಚಿಂತೆ ಮಾಂಸಾಹಾರಿಗಳಿಗಿಲ್ಲ. ಕುರಿಮಾಂಸದ ಸಣ್ಣ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಡುವ ಅರ್ರೋಸ್ತಿಚೀನಿ ಬಯಲಲ್ಲೇ ಸಿಗುತ್ತದೆ. ಸಸ್ಯಾಹಾರಿಗಳು ಸಾಂತೋ ಸ್ತೆಫಾನೋದ ಚನ್ನಂಗಿಯ ಸಾರನ್ನು ಕೇಳಿ ಪಡೆಯಿರಿ. ಇಲ್ಲಿನ ಕಾಳು ತೀರ ಸಣ್ಣದು, ಕಂದು ಬಣ್ಣದ್ದು, ನೆನೆಹಾಕದೆಯೂ ಬೇಯುತ್ತದೆ. ಹಂದಿಯ ಕೊಬ್ಬು ಹಾಕಿದ್ದಾರೆಯೇ ಎಂದು ಮೊದಲೇ ಕೇಳಿ. ಸ್ಥಳೀಯ ಕುರಿಹಾಲಿನ ಚೀಸ್‌ಗೂ ಹಾಲು ಹೆಪ್ಪುಗಟ್ಟಿಸಲು ಸಾಮಾನ್ಯವಾಗಿ ಪ್ರಾಣಿಯ ಜಠರದ ಹೆಪ್ಪನ್ನೇ ಬಳಸುತ್ತಾರೆ, ಕಟ್ಟುನಿಟ್ಟಿನವರು ಅದನ್ನು ಬಿಡಬೇಕಾಗುತ್ತದೆ.