ಕಾಯಿಲಿಗೆ ಮುಪ್ಪಿಲ್ಲ

“ಹಳೇ ಮೆಷಿನ್ನು ನೋಡಿ, ಕಾಯಿಲ್ ವೀಕಾಗಿದೆ.” ಷಿಕಾಗೋ ಹೊರವಲಯದ ಗೆಳೆಯರೊಬ್ಬರ ನೆಲಮಾಳಿಗೆಯಲ್ಲಿ ಈ ಮಾತು ಕೇಳಿ ನನಗೆ ಮೈ ಉರಿಯಿತು. ಎದುರಿಗಿದ್ದದ್ದು 1960ರ ದಶಕದ ಪಿನ್‌ಬಾಲ್ ಯಂತ್ರ: ಇಳಿಜಾರು ಹಲಗೆಯ ಮೇಲೆ ಉರುಳಿ ಬರುವ ಚೆಂಡನ್ನು, ಗುಂಡಿ ಒತ್ತಿದರೆ ಏಳುವ ಫ್ಲಿಪ್ಪರ್ ಎಂಬ ಪುಟ್ಟ ದಾಂಡುಗಳಿಂದ ಮೇಲಕ್ಕೆ ಹೊಡೆಯುವ ಆಟ. ಎಡ ಫ್ಲಿಪ್ಪರ್ ಚೆಂಡನ್ನು ಹೊಡೆಯುತ್ತಿರಲಿಲ್ಲ, ಸುಮ್ಮನೆ ನೂಕುತ್ತಿತ್ತು. ಚೆಂಡು ಅರ್ಧ ದಾರಿ ಏರಿ ಹಿಂದಿರುಗುತ್ತಿತ್ತು. ಗೆಳೆಯರು ಆಗಲೇ ಹೊಸ ಕಾಯಿಲಿಗೆ ಆರ್ಡರ್ ಮಾಡಿದ್ದರು.

ಕಾಯಿಲ್ ಎಂದರೆ ಸುತ್ತಿಟ್ಟ ತಾಮ್ರದ ತಂತಿ. ಕರೆಂಟು ಹರಿದಾಗ ಕಾಂತವಾಗಿ ಕಬ್ಬಿಣವನ್ನು ಎಳೆಯುತ್ತದೆ, ಅಷ್ಟೇ. ಅದಕ್ಕೆ ಮಂಡಿನೋವು ಬರುವುದಿಲ್ಲ. ತಂತಿ ತುಂಡಾಗಬಹುದು, ಇಲ್ಲವೇ ಮೇಲಿನ ಲೇಪ ಸುಟ್ಟು ಸುತ್ತುಗಳು ಒಂದಕ್ಕೊಂದು ತಾಗಬಹುದು. ಇವೆರಡೂ ಆಗಿಲ್ಲವೆಂದರೆ ಹೊಸದರಲ್ಲಿ ಎಷ್ಟು ಎಳೆಯುತ್ತಿತ್ತೋ ಇವತ್ತೂ ಅಷ್ಟೇ ಎಳೆಯುತ್ತದೆ. ವಯಸ್ಸಾಗುವುದು ಅದರ ಪಕ್ಕದ ಸ್ವಿಚ್ಚಿಗೆ.

ಫ್ಲಿಪ್ಪರ್ ಕಾಯಿಲಿನೊಳಗೆ ಎರಡು ಸುತ್ತುಗಳಿವೆ, ಒಂದರ ಹಿಂದೆ ಒಂದು ಜೋಡಿಸಿದವು. ದಪ್ಪ ತಂತಿಯದರ ರೋಧ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಸುಮಾರು 3 ಓಮ್, ಸಪೂರ ತಂತಿಯದು ಸುಮಾರು 40. ಗುಂಡಿ ಒತ್ತಿದ ಗಳಿಗೆಯಲ್ಲಿ ಸಪೂರ ಸುತ್ತಿನ ಎರಡು ತುದಿಗಳನ್ನು ನೇರ ಜೋಡಿಸುವ ಒಂದು ಸ್ವಿಚ್ ಮುಚ್ಚಿರುತ್ತದೆ. ಕರೆಂಟು ಆ ಒಳದಾರಿ ಹಿಡಿಯುವುದರಿಂದ ದಪ್ಪ ಸುತ್ತಷ್ಟೇ ಲೆಕ್ಕಕ್ಕೆ. ಕಬ್ಬಿಣದ ಕಡ್ಡಿ ಜೋರಾಗಿ ಒಳಗೆ ಸೆಳೆಯಲ್ಪಡುತ್ತದೆ. ಫ್ಲಿಪ್ಪರ್ ಪೂರ್ತಿ ಎದ್ದ ಕೂಡಲೇ ಅದರದೇ ತೋಳು ಸ್ವಿಚ್ಚನ್ನು ತೆರೆಯುತ್ತದೆ. ಇದೇ ‘ಎಂಡ್ ಆಫ್ ಸ್ಟ್ರೋಕ್’ ಸ್ವಿಚ್. ಈಗ ಕರೆಂಟು ಎರಡೂ ಸುತ್ತುಗಳಲ್ಲಿ ನುಸುಳಬೇಕು.

ಏರಿನಲ್ಲಿ ಗಾಡಿ ಹತ್ತಿಸಲು ನಾಲ್ಕು ಜನ ಹೆಗಲು ಕೊಡಬೇಕು. ಹತ್ತಿ ನಿಂತ ಮೇಲೆ ಚಕ್ರಕ್ಕೊಂದು ಕಲ್ಲು ಸಾಕು. ಗಾಡಿ ನೋಡದವರು ಬಾವಿ ನೆನೆಯಿರಿ: ಕೊಡ ಸೇದಲು ಎರಡೂ ಕೈ ಬೇಕು, ಹಗ್ಗವನ್ನು ಕಂಬಕ್ಕೆ ಸುತ್ತಿದರೆ ಒಂದೇ ಕೈಯಲ್ಲಿ ಹಿಡಿಯಬಹುದು. ಅದನ್ನೂ ನೋಡಿಲ್ಲವೇ? ಹಾಲು ಉಕ್ಕುವ ತನಕ ದೊಡ್ಡ ಉರಿ, ಆಮೇಲೆ ಸಣ್ಣ ಉರಿ. ಕಡ್ಡಿ ಹೊರಗಿದ್ದಾಗ ಕಾಂತಕ್ಷೇತ್ರ ದೊಡ್ಡ ಗಾಳಿಯ ಸಂದು ದಾಟಬೇಕು. ಒಳಗೆ ಬಂದು ಕೂತ ಮೇಲೆ ಸಂದೇ ಉಳಿಯುವುದಿಲ್ಲ, ಹಿಡಿದಿಡಲು ಚೂರು ಕರೆಂಟು ಸಾಕು. 25 ವೋಲ್ಟಿಗೆ ರೋಧವೊಂದನ್ನೇ ಹಿಡಿದು ಲೆಕ್ಕ ಹಾಕಿದರೆ ಹೊಡೆಯುವಾಗ 200 ವ್ಯಾಟ್ ಆಸುಪಾಸು, ಹಿಡಿಯುವಾಗ 15. ಎ.ಸಿ. ಆದ್ದರಿಂದ ನಿಜದಲ್ಲಿ ಇನ್ನೂ ಕಡಿಮೆ, ಆದರೆ ಅಂತರ ಅರ್ಥವಾಯಿತಲ್ಲ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಗೇ 25 ವ್ಯಾಟ್ ಸಾಕಾಗುತ್ತದೆ!

ಈಗ ತಮಾಷೆ ನೋಡಿ. ಆ ಸ್ವಿಚ್ ಸರಿಯಾಗಿ ಮುಚ್ಚದಿದ್ದರೆ ಸಪೂರ ಸುತ್ತು ಸದಾ ದಾರಿಗೆ ಅಡ್ಡ, ಫ್ಲಿಪ್ಪರ್ ಸೋಮಾರಿ. ಸರಿಯಾಗಿ ತೆರೆಯದಿದ್ದರೆ ದೊಡ್ಡ ಉರಿ ಆರುವುದೇ ಇಲ್ಲ. ಕಾಯಿಲ್ ಕಾದು ಒಳಗಿನ ನೈಲಾನ್ ಕೊಳವೆ ಸೊಟ್ಟಗಾಗುತ್ತದೆ, ಫ್ಯೂಸ್ ಹಾರುತ್ತದೆ. ಫ್ಯೂಸಿಗೆ ದಪ್ಪ ತಂತಿ ಸುತ್ತುವ ನಮ್ಮ ಹಳೇ ಚಾಳಿಯನ್ನು ಇಲ್ಲಿ ತೋರಿಸಿದರೆ ಹೊಗೆ ಬರುತ್ತದೆ.

ಫ್ಲಿಪ್ಪರಿನ ಬಲ ಸಣ್ಣ ಸಂಗತಿಯಲ್ಲ. 1942ರಲ್ಲಿ ನ್ಯೂಯಾರ್ಕ್ ಮೇಯರ್ ಲಾ ಗಾರ್ಡಿಯಾ ಪಿನ್‌ಬಾಲನ್ನು ಜೂಜೆಂದು ನಿಷೇಧಿಸಿ, ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು. ಆಗ ಫ್ಲಿಪ್ಪರ್ ಇರಲಿಲ್ಲ. ಚೆಂಡು ಬಿಟ್ಟ ಮೇಲೆ ಯಂತ್ರವನ್ನು ಅಲುಗಿಸುವುದಷ್ಟೇ ಆಟಗಾರನ ಕೈಯಲ್ಲಿತ್ತು. 1947ರಲ್ಲಿ ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಆರು ಫ್ಲಿಪ್ಪರ್‌ಗಳೊಂದಿಗೆ ಬಂತು. ನಿಷೇಧ ಮಾತ್ರ 1976ರವರೆಗೆ ಉಳಿಯಿತು. ಆ ವರ್ಷ ರೋಜರ್ ಶಾರ್ಪ್ ನಗರಸಭೆಯವರ ಎದುರು ಚೆಂಡು ಇಂಥದೇ ಓಣಿಯಲ್ಲಿ ಇಳಿಯುತ್ತದೆಂದು ಮೊದಲೇ ಹೇಳಿ, ಚೆಂಡು ಚಿಮ್ಮಿಸುವ ಸ್ಪ್ರಿಂಗ್ ಕಡ್ಡಿ ಪ್ಲಂಜರ್ ಎಳೆದು ಇಳಿಸಿ ತೋರಿಸಿದರು. ಸೋಮಾರಿ ಫ್ಲಿಪ್ಪರಿನ ಯಂತ್ರದಲ್ಲಿ ಲಾ ಗಾರ್ಡಿಯಾ ಹೇಳಿದ್ದೇ ಸರಿ ಅನಿಸಿಬಿಡುತ್ತದೆ.

ನೆಲಮಾಳಿಗೆಗೆ ಬರೋಣ. ಮೊದಲು ಪ್ಲಗ್ ಕಿತ್ತೆವು. ಹಲಗೆ ಎತ್ತಿ ಫ್ಲಿಪ್ಪರನ್ನು ಕೈಯಲ್ಲಿ ಎತ್ತಿಬಿಟ್ಟರೆ ಸಲೀಸಾಗಿ ವಾಪಸ್ಸು ಬಂತು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಅಂದರೆ ಯಾಂತ್ರಿಕ ದೋಷವಲ್ಲ. ಕಾಯಿಲಿನ ಎರಡು ತುದಿಗೆ ಮೀಟರ್ ಹಿಡಿದೆ. ಮಲಗಿದ್ದಾಗ 3, ಎತ್ತಿದಾಗ 43 ಬರಬೇಕು. ಎರಡು ಸಲವೂ 43! ಸ್ವಿಚ್ ಮುಚ್ಚಿದಂತೆ ಕಾಣುತ್ತಿತ್ತು, ಮುಚ್ಚಿರಲಿಲ್ಲ. ಕಾಯಿಲಿನ ಕರೆಂಟು ಕಡಿದಾಗಲೆಲ್ಲ ಕಿಡಿ ಹಾರಿ ಪಾಯಿಂಟು, ಅಂದರೆ ಸ್ವಿಚ್ಚಿನ ಪಟ್ಟಿಗಳು ಒಂದಕ್ಕೊಂದು ತಾಗುವ ಜಾಗ, ಕಪ್ಪಾಗಿ ಗುಳಿ ಬಿದ್ದಿತ್ತು. ಮೈಸೂರಿನಲ್ಲಿ ತಯಾರಾದ ಜಾವಾ ಬೈಕ್ ಓಡಿಸಿದವರಿಗೆ ಈ ಪಾಯಿಂಟಿನ ಕಾಟ ಗೊತ್ತು, ಕಾರಣವೂ ಅದೇ. ಇಂಥ ಜಾಗದಲ್ಲಿ ಗಟ್ಟಿಯಾದ ಟಂಗ್‌ಸ್ಟನ್ ಇರುತ್ತದೆ, ಸಣ್ಣ ಅರ ಬೇಕು. ಅಂಕ ಎಣಿಸುವ ರಿಲೇಗಳಲ್ಲಿ (ಕಾಯಿಲಿನ ಸೆಳೆತದಿಂದ ಮುಚ್ಚಿ ತೆರೆಯುವ ಸ್ವಿಚ್ಚುಗಳಲ್ಲಿ) ಇರುವುದು ಮೆತ್ತನೆಯ ಬೆಳ್ಳಿ. ಅಲ್ಲಿ ಅರ ಆಡಿಸಿದರೆ ಪಾಯಿಂಟೇ ಸವೆದುಹೋಗುತ್ತದೆ. ಗೆಳೆಯರು ಎಣ್ಣೆಯ ಸ್ಪ್ರೇ ಡಬ್ಬಿ ತಂದರು. ಕಿಡಿ ಹಾರುವಲ್ಲಿ ಎಣ್ಣೆಯೇ? ಡಬ್ಬಿ ಕಸಿದಿಟ್ಟೆ.

“ಪಕ್ಕಕ್ಕೆ ಎರಡು ಬಡಿದರೆ ಸರಿಹೋಗ್ತಿತ್ತಲ್ಲ?” ಹೋಗುತ್ತಿತ್ತು, ಒಂದು ಆಟಕ್ಕೆ. ಅದುರಿದ ಪಾಯಿಂಟು ಚೂರು ಚೊಕ್ಕ ಜಾಗದಲ್ಲಿ ಕೂರುತ್ತದೆ. ನಮ್ಮ ಟೀವಿಗಳಿಗೆ ಏಟು ತಿನ್ನಿಸಿದ ನಂಬಿಕೆ ಹುಟ್ಟಿದ್ದೇ ಹೀಗೆ.

ಅರದಲ್ಲಿ ನಾಲ್ಕೈದು ಸಲ ಉಜ್ಜಿ, ಪಟ್ಟಿಯನ್ನು ತುಸು ಬಗ್ಗಿಸಿ, ಪ್ಲಗ್ ಹಾಕಿದೆವು. ಎಡ ಫ್ಲಿಪ್ಪರ್ ಚೆಂಡನ್ನು ಮೇಲಿನ ಅಂಚಿಗೆ ಠಣ್ಣನೆ ಬಡಿಯಿತು. ಅದರ ಪಕ್ಕ ಈಗ ಬಲಗಡೆಯದೇ ಸೋಮಾರಿಯಂತೆ ಕಂಡಿತು. ಮತ್ತೆ ಪ್ಲಗ್ ಕಿತ್ತು ಮೀಟರ್ ಹಿಡಿದರೆ, ಮಲಗಿದ್ದಾಗ 3 ಅಲ್ಲ, 9 ಓಮ್.