ಅಮೆರಿಕದ ಸರ್ಕಾರಿ ಜಮೀನಿನಲ್ಲಿ ಪುಕ್ಕಟೆಯಾಗಿ ಟೆಂಟ್ ಹಾಕಬಹುದೇ?

ಪ್ರಶ್ನೆ: ಮೇ ತಿಂಗಳ ಕೊನೆಗೆ ನಾವಿಬ್ಬರೂ ಸ್ಯಾನ್ ಹೊಸೆಯಲ್ಲಿರುವ ಮಗನ ಮನೆಗೆ ಹೊರಡಲಿದ್ದೇವೆ. ಅಲ್ಲಿಂದ ಮಗ, ಸೊಸೆ, ಮೊಮ್ಮಗನ ಜೊತೆ ಬಾಡಿಗೆ ಕಾರಿನಲ್ಲಿ ಯೊಸೆಮಿಟಿ ಮತ್ತು ಗ್ರ್ಯಾಂಡ್ ಕ್ಯಾನಿಯನ್ ನೋಡಿಬರುವ ಯೋಚನೆಯಿದೆ. ಹೋಟೆಲುಗಳ ದರ ಕೇಳಿಯೇ ಸುಸ್ತಾಗಿದೆ. ಅಲ್ಲಿ ಸರ್ಕಾರಿ ಜಮೀನಿನಲ್ಲಿ ಪುಕ್ಕಟೆಯಾಗಿ ಟೆಂಟ್ ಹಾಕಿ ಮಲಗಬಹುದೆಂದು ಮಗನ ಸ್ನೇಹಿತರು ಹೇಳುತ್ತಾರೆ. ಇದು ನಿಜವೇ? ನಿಜವಾದರೆ ಬೆಂಗಳೂರಿನಲ್ಲಿ ಕುಳಿತೇ ಜಾಗ ಹುಡುಕಿ ಕಾಯ್ದಿರಿಸುವುದು ಹೇಗೆ?
— ಬಸವನಗುಡಿಯ ಓದುಗರು

ಉತ್ತರ: ಅವರು ಹೇಳಿರುವುದು ನಿಜ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳು ಒಂದಾಗಿ ಬೆರೆತಿವೆ. ಪುಕ್ಕಟೆಯಾಗಿ ಸಿಗುವ ಜಾಗವನ್ನು ಸಾಮಾನ್ಯವಾಗಿ ಕಾಯ್ದಿರಿಸಲು ಬರುವುದಿಲ್ಲ. ಕಾಯ್ದಿರಿಸಲು ಬರುವ ಜಾಗ ಸಾಮಾನ್ಯವಾಗಿ ಪುಕ್ಕಟೆಯಲ್ಲ, ಹೋಟೆಲಿಗೆ ಹೋಲಿಸಿದರೆ ಅಗ್ಗ, ಅಷ್ಟೆ. ಮೊದಲನೆಯದಕ್ಕೆ ನಕ್ಷೆ ಓದಲು ಬರಬೇಕು, ಎರಡನೆಯದಕ್ಕೆ ಗಡಿಯಾರ ನೋಡಿಕೊಂಡು ಕೂರಬೇಕು. ಇವೆರಡನ್ನೂ ಕಲಸಿಕೊಂಡು, ಕಾಯ್ದಿರಿಸುವ ಜಾಲತಾಣದಲ್ಲಿ ಪುಕ್ಕಟೆ ಜಾಗವನ್ನು ಗಂಟೆಗಟ್ಟಲೆ ಹುಡುಕಿ ಬೇಸತ್ತವರನ್ನು ನಾನು ಕಂಡಿದ್ದೇನೆ.

ನಮ್ಮಲ್ಲಿ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ತಪ್ಪು. ಹಾಗಾಗಿ ಸರ್ಕಾರಿ ಕಾಡಿನಲ್ಲಿ ರಾತ್ರಿ ಮಲಗುವ ಮಾತೆತ್ತಿದರೆ ಬೆಂಗಳೂರಿನವರಿಗೆ ಎದೆ ಝಲ್ಲೆನ್ನುವುದು ಸಹಜ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಜಮೀನನ್ನು ಬೇರೆ ಬೇರೆ ಇಲಾಖೆಗಳು ನೋಡಿಕೊಳ್ಳುತ್ತವೆ, ಒಂದೊಂದರ ಧೋರಣೆಯೂ ಬೇರೆ. ಯೊಸೆಮಿಟಿ, ಗ್ರ್ಯಾಂಡ್ ಕ್ಯಾನಿಯನ್ ಮುಂತಾದ ರಾಷ್ಟ್ರೀಯ ಉದ್ಯಾನಗಳು 1916ರಲ್ಲಿ ಆರಂಭವಾದ ನ್ಯಾಷನಲ್ ಪಾರ್ಕ್ ಸರ್ವಿಸ್ ಕೈಯಲ್ಲಿವೆ. ಅಲ್ಲಿ ಗುರುತಿಸಿದ ಕ್ಯಾಂಪ್‌ಗ್ರೌಂಡಿನಲ್ಲಿ, ಇಲ್ಲವೇ ಪರವಾನಗಿ ಪಡೆದು ಒಳಗಾಡಿನಲ್ಲಿ ಮಾತ್ರ ಮಲಗಬಹುದು. 1905ರಿಂದಿರುವ ಫಾರೆಸ್ಟ್ ಸರ್ವಿಸ್ ಸುಮಾರು 19.3 ಕೋಟಿ ಎಕರೆ ರಾಷ್ಟ್ರೀಯ ಅರಣ್ಯವನ್ನು ನೋಡಿಕೊಳ್ಳುತ್ತದೆ. ಮೂರನೆಯದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಬಿಎಲ್‌ಎಂ. ಯಾರೂ ಬೇಸಾಯಕ್ಕೆಂದು ಕೇಳಿ ಪಡೆಯದೆ ಉಳಿದ ಜಮೀನು ಮತ್ತು ದನ ಮೇಯುವ ಹುಲ್ಲುಗಾವಲುಗಳನ್ನು ನೋಡಿಕೊಳ್ಳುತ್ತಿದ್ದ ಎರಡು ಕಚೇರಿಗಳನ್ನು 1946ರಲ್ಲಿ ಕೂಡಿಸಿ ಈ ಇಲಾಖೆಯನ್ನು ಮಾಡಿದರು. ನಮ್ಮ ಕಂದಾಯ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಗೋಮಾಳ ಮತ್ತು ಖರಾಬು ಒಟ್ಟುಗೂಡಿದಂತೆ. ವ್ಯತ್ಯಾಸವೆಂದರೆ ಅದು ಸುಮಾರು 24.5 ಕೋಟಿ ಎಕರೆ, ಅಂದರೆ ಐದು ಕರ್ನಾಟಕಗಳಷ್ಟು. ಈ ಕೊನೆಯ ಎರಡು ಇಲಾಖೆಗಳ ಜಮೀನಿನಲ್ಲಿ, ನಿಷೇಧವಿದೆಯೆಂದು ಸೂಚಿಸಿರದ ಕಡೆ, ಕ್ಯಾಂಪ್‌ಗ್ರೌಂಡಿನಿಂದ ದೂರ ಬಿಡಿಬಿಡಿಯಾಗಿ ಬೀಡುಬಿಡಲು ಅವಕಾಶವಿದೆ. ಅದಕ್ಕೆ ಅವರು ಡಿಸ್ಪರ್ಸ್ಡ್ ಕ್ಯಾಂಪಿಂಗ್ ಎನ್ನುತ್ತಾರೆ. ಶುಲ್ಕವಿಲ್ಲ, ಬುಕ್ಕಿಂಗ್ ಇಲ್ಲ. ಶೌಚಾಲಯ, ಕುಡಿಯುವ ನೀರು, ಕಸದ ತೊಟ್ಟಿಗಳೂ ಇಲ್ಲ.

ಆದ್ದರಿಂದ ಉದ್ಯಾನದ ಒಳಗೆ ಪುಕ್ಕಟೆ ಜಾಗ ಹುಡುಕುವುದನ್ನು ಬಿಟ್ಟು, ಉದ್ಯಾನಕ್ಕೆ ಅಂಟಿಕೊಂಡಿರುವ ರಾಷ್ಟ್ರೀಯ ಅರಣ್ಯ ಯಾವುದೆಂದು ನೋಡಬೇಕು. ಯೊಸೆಮಿಟಿಯ ಪಶ್ಚಿಮಕ್ಕೆ, 120ನೇ ಹೆದ್ದಾರಿಯುದ್ದಕ್ಕೂ ಸ್ಟಾನಿಸ್ಲಾಸ್ ಅರಣ್ಯವಿದೆ. ಪೂರ್ವದ ಇನ್ಯೋ ಅರಣ್ಯವೂ ಚೆಂದವೇ, ಆದರೆ ಅಲ್ಲಿಗೆ ದಾಟಿಸುವ ಟಯೋಗಾ ಕಣಿವೆಯ ರಸ್ತೆ ಹಿಮದಿಂದಾಗಿ ಮೇ ಕೊನೆಯಲ್ಲೂ ಮುಚ್ಚಿರುವುದುಂಟು. ಅದನ್ನು ನೆಚ್ಚಿಕೊಂಡು ಯೋಜನೆ ಹಾಕಬೇಡಿ. ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣ ದ್ವಾರದ ಹೊರಗೇ ಟುಸಾಯನ್ ಎಂಬ ಪುಟ್ಟ ಊರಿದೆ. ಅದರ ಸುತ್ತಮುತ್ತಲಿನದೆಲ್ಲ ಕೈಬಾಬ್ ರಾಷ್ಟ್ರೀಯ ಅರಣ್ಯ. ಊರಿನ ಅಂಚಿನಿಂದ ಒಳಹೊಗುವ 302ನೇ ಕಾಡುರಸ್ತೆಯಲ್ಲಿ ಪಾಂಡೆರೋಸಾ ಪೈನ್ ಮರಗಳ ನಡುವೆ ಎಷ್ಟೋ ವರ್ಷಗಳಿಂದ ಜನ ಹೀಗೆ ಪುಕ್ಕಟೆಯಾಗಿ ಬೀಡುಬಿಡುತ್ತ ಬಂದಿದ್ದಾರೆ.

ಇದೇ ಪ್ರಶ್ನೆಯನ್ನು ನ್ಯೂಜೆರ್ಸಿಯಿಂದಲೋ ಡಲ್ಲಾಸಿನಿಂದಲೋ ಹೊರಡುವವರು ಕೇಳಿದ್ದರೆ ನನ್ನ ಉತ್ತರ ಇಷ್ಟು ಉತ್ಸಾಹದ್ದಾಗಿರುತ್ತಿರಲಿಲ್ಲ. ಬಿಎಲ್‌ಎಂ ಜಮೀನು ಹೆಚ್ಚುಕಡಿಮೆ ಎಲ್ಲವೂ ಪಶ್ಚಿಮದ ರಾಜ್ಯಗಳಲ್ಲಿ ಮತ್ತು ಅಲಾಸ್ಕದಲ್ಲಿದೆ. ನ್ಯೂಜೆರ್ಸಿಯಲ್ಲಿ ಒಂದೂ ರಾಷ್ಟ್ರೀಯ ಅರಣ್ಯವಿಲ್ಲ, ಟೆಕ್ಸಸ್ಸಿನ ನೆಲ ಬಹುಪಾಲು ಖಾಸಗಿಯವರದು.

ಇನ್ನು ನಕ್ಷೆಯ ವಿಚಾರ. ನೆಲದ ಒಡೆತನವನ್ನು ತೋರಿಸುವ ಅಮೆರಿಕದ ನಕ್ಷೆಗಳಲ್ಲಿ ಬಣ್ಣಗಳಿಗೆ ಒಂದು ರೂಢಿಯಿದೆ: ಬಿಎಲ್‌ಎಂ ಹಳದಿ, ರಾಷ್ಟ್ರೀಯ ಅರಣ್ಯ ಹಸಿರು, ರಾಜ್ಯ ಸರ್ಕಾರದ್ದು ನೀಲಿ, ಮೂಲನಿವಾಸಿ ಬುಡಕಟ್ಟುಗಳ ಜಮೀನು ಕಿತ್ತಳೆ, ಖಾಸಗಿಯದು ಬಿಳಿ. ನಿಮಗೆ ಬೇಕಾದದ್ದು ಹಳದಿ ಮತ್ತು ಹಸಿರು. ಅರಿಜೋನದಲ್ಲಿ ಈ ಎಚ್ಚರ ಮುಖ್ಯ, ಏಕೆಂದರೆ ಅಲ್ಲಿ ನವಾಹೋ ಜನಾಂಗದ ವಿಶಾಲ ಪ್ರದೇಶವಿದೆ ಮತ್ತು ಅವರ ಅನುಮತಿಯಿಲ್ಲದೆ ಅಲ್ಲಿ ಟೆಂಟ್ ಹಾಕುವುದು ಇನ್ನೊಬ್ಬರ ಹಿತ್ತಲಲ್ಲಿ ಹೇಳದೆ ಕೇಳದೆ ಮಲಗಿದಂತೆಯೇ. ಗಾಯಾ ಜಿಪಿಎಸ್, ಆನ್‌ಎಕ್ಸ್ ಮುಂತಾದ ಆ್ಯಪ್‌ಗಳಲ್ಲಿ ಒಡೆತನದ ಈ ಪದರವನ್ನು ಕಾಣಬಹುದು. ಹೋಗಿಬಂದವರು ಜಾಗ ಗುರುತಿಸಿ ಅಭಿಪ್ರಾಯ ಬರೆಯುವ ಐಓವರ್‌ಲ್ಯಾಂಡರ್, ಕ್ಯಾಂಪೆಂಡಿಯಮ್ ಕೂಡ ಇವೆ. ಸುಳಿವು ಪಡೆಯಲು ಅವು ಒಳ್ಳೆಯವು, ಅನುಮತಿಯ ಪುರಾವೆಯಾಗಿ ಅಲ್ಲ. ಮೂರು ವರ್ಷದ ಹಿಂದೆ ಯಾರೋ ಹಾಯಾಗಿ ಮಲಗೆದ್ದ ಜಾಗವನ್ನು ಈ ವರ್ಷ ಮುಚ್ಚಿರಬಹುದು. ಕ್ಯಾಲಿಫೋರ್ನಿಯಾದ ಲೋನ್ ಪೈನ್ ಹತ್ತಿರ, ವಿಟ್ನಿ ಪರ್ವತದ ಬುಡದಲ್ಲಿರುವ ಅಲಬಾಮಾ ಹಿಲ್ಸ್‌ನಲ್ಲಿ ಹಿಂದೆ ಇಷ್ಟಬಂದಲ್ಲಿ ಟೆಂಟ್ ಹಾಕುತ್ತಿದ್ದರು. ಜನ ಮುಗಿಬಿದ್ದ ಮೇಲೆ ಈಗ ಗುರುತು ಹಾಕಿದ ಜಾಗಗಳಲ್ಲಿ ಮಾತ್ರ ಅವಕಾಶ.

ಅಂತಿಮ ಮಾತು ಹೇಳುವುದು ಫಾರೆಸ್ಟ್ ಸರ್ವಿಸ್ ಪುಕ್ಕಟೆಯಾಗಿ ಕೊಡುವ ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್. ಇದು ಕಪ್ಪು-ಬಿಳುಪಿನ, ನೋಡಲು ಏನೇನೂ ಅಂದವಿಲ್ಲದ ನಕ್ಷೆ. ಆದರೆ ಯಾವ ಕಾಡುರಸ್ತೆಯಲ್ಲಿ ವಾಹನ ಓಡಿಸಬಹುದೆಂಬುದು ಅದರಲ್ಲಿದೆ, ಬೀಡುಬಿಡಲು ರಸ್ತೆಯಿಂದ ಇಳಿಯಬಹುದಾದ ಕಡೆ ಗೆರೆಯ ಪಕ್ಕದಲ್ಲಿ ಸಣ್ಣ ಚುಕ್ಕಿಗಳ ಸಾಲಿರುತ್ತದೆ, ಎಷ್ಟು ದೂರ ಇಳಿಯಬಹುದೆಂಬುದು ಅಂಚಿನ ಕೋಷ್ಟಕದಲ್ಲಿರುತ್ತದೆ. ಅವೆನ್ಜಾ ಎಂಬ ಆ್ಯಪ್‌ನಲ್ಲಿ ಈ ನಕ್ಷೆಯನ್ನು ಮೊದಲೇ ಇಳಿಸಿಕೊಂಡರೆ ಸಿಗ್ನಲ್ ಇಲ್ಲದಿದ್ದರೂ ನೀವು ನಿಂತಿರುವ ಬಿಂದು ಅದರ ಮೇಲೆ ಕಾಣುತ್ತದೆ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಒಂದು ಅಕ್ಟೋಬರಿನಲ್ಲಿ ನಾವು ಟುಸಾಯನ್ ತಲುಪಿದಾಗ ಕತ್ತಲಾಗಿತ್ತು, ನಕ್ಷೆ ಇಳಿಸಿಕೊಂಡಿರಲಿಲ್ಲ, ಊರು ದಾಟಿದ ಎರಡೇ ನಿಮಿಷಕ್ಕೆ ಸಿಗ್ನಲ್ ಹೋಯಿತು. ಮೂರು ತಿರುವುಗಳಲ್ಲಿ ಅಲೆದು, ಸಾಕಾಗಿ, ಕಾರು ನಿಂತಲ್ಲೇ ಟೆಂಟ್ ಬಿಚ್ಚಿದೆವು. ಬೆಳಗ್ಗೆ ಎದ್ದು ನೋಡಿದರೆ ನಮ್ಮ ಬೆನ್ನಿಗೇ, ಹತ್ತಡಿಯೊಳಗೆ, ಇಲ್ಲಿ ಬೀಡುಬಿಡಬಾರದೆಂಬ ಫಲಕ ನಿಂತಿತ್ತು. ತಂಬಿಗೆಯಲ್ಲಿಟ್ಟಿದ್ದ ನೀರಿನ ಮೇಲೆ ಹಾಲಿನ ಕೆನೆಯಂತೆ ತೆಳುವಾದ ಮಂಜುಗಡ್ಡೆ ಕಟ್ಟಿತ್ತು. ಟುಸಾಯನ್ ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಮೇ ತಿಂಗಳೆಂದರೆ ಬಿರುಬೇಸಿಗೆ ಎಂದುಕೊಂಡು ತೆಳ್ಳನೆಯ ಹೊದಿಕೆ ಒಯ್ಯಬೇಡಿ.

ಪುಕ್ಕಟೆ ಜಾಗದಲ್ಲೂ ಕಟ್ಟುಪಾಡುಗಳಿವೆ. ಬಿಎಲ್‌ಎಂ ಜಮೀನಿನಲ್ಲಿ ಸಾಮಾನ್ಯವಾಗಿ 28 ದಿನಗಳಲ್ಲಿ 14 ದಿನಕ್ಕಿಂತ ಹೆಚ್ಚು ಒಂದೇ ಕಡೆ ಇರುವಂತಿಲ್ಲ. ನಿಮಗೆ ಒಂದೆರಡು ರಾತ್ರಿ ಸಾಕಾದ್ದರಿಂದ ಇದು ಅಡ್ಡಿಯಾಗದು. ಹಿಂದಿನವರು ಬಳಸಿ ಗಟ್ಟಿಯಾದ ನೆಲದಲ್ಲೇ ಟೆಂಟ್ ಹಾಕಬೇಕು. ಹೊಳೆ, ಕೆರೆಗಳಿಂದ ಸುಮಾರು 60 ಮೀಟರ್ ದೂರವಿರಬೇಕು, ಬಹಿರ್ದೆಸೆಗೂ ಅಷ್ಟೇ ದೂರ ಹೋಗಿ ಆರರಿಂದ ಎಂಟು ಅಂಗುಲ ಆಳದ ಗುಂಡಿ ತೋಡಿ ಮುಚ್ಚಬೇಕು. ಕಸವನ್ನೆಲ್ಲ ಕಾರಿನಲ್ಲಿ ವಾಪಸು ತರಬೇಕು. ಬೆಂಕಿಯ ವಿಷಯದಲ್ಲಂತೂ ಸಲುಗೆಯಿಲ್ಲ: ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪ್‌ಗ್ರೌಂಡಿನ ಹೊರಗೆ ಗ್ಯಾಸ್ ಒಲೆಯಲ್ಲಿ ಕಾಫಿ ಕಾಯಿಸುವುದಕ್ಕೂ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು. ಅದು ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ. ಒಣಹವೆ ಹೆಚ್ಚಾದಾಗ ಬೆಂಕಿಯನ್ನು ಪೂರ್ತಿ ನಿಷೇಧಿಸುವುದೂ ಉಂಟು, ಹೊರಡುವ ವಾರ ಆಯಾ ಅರಣ್ಯದ ಜಾಲತಾಣ ನೋಡುವುದು ಅಗತ್ಯ.

ಈಗ ಕಾಯ್ದಿರಿಸುವ ವಿಷಯಕ್ಕೆ ಬರೋಣ. ಒಕ್ಕೂಟ ಸರ್ಕಾರದ ಬಹುತೇಕ ಕ್ಯಾಂಪ್‌ಗ್ರೌಂಡುಗಳ ಬುಕ್ಕಿಂಗ್ ನಡೆಯುವುದು ರಿಕ್ರಿಯೇಷನ್ ಡಾಟ್ ಗವ್ ಎಂಬ ಒಂದೇ ಜಾಲತಾಣದಲ್ಲಿ. ಇಲ್ಲಿಂದಲೇ ಖಾತೆ ತೆರೆದು ಕಾರ್ಡಿನಲ್ಲಿ ಹಣ ಕಟ್ಟಬಹುದು. ಆದರೆ ಕಾರ್ಡಿನ ವಿದೇಶಿ ವ್ಯವಹಾರವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ತೆರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಸಿಕ್ಕ ಜಾಗ ಕಣ್ಣೆದುರೇ ಕೈತಪ್ಪುತ್ತದೆ. ಬಹಳಷ್ಟು ಜಾಗಗಳು ಆರು ತಿಂಗಳು ಮುಂಚಿತವಾಗಿ, ಅಮೆರಿಕದ ಪೂರ್ವ ತೀರದ ಬೆಳಗಿನ 10 ಗಂಟೆಗೆ ತೆರೆದುಕೊಳ್ಳುತ್ತವೆ. ಅವರ ಗಡಿಯಾರ ಮುಂದಿಟ್ಟಿರುವ ಮಾರ್ಚಿಯಿಂದ ನವೆಂಬರ್ ಆರಂಭದವರೆಗೆ ನಮಗಾಗ ಸಂಜೆ 7.30, ಉಳಿದ ಚಳಿಗಾಲದಲ್ಲಿ ರಾತ್ರಿ 8.30. ಈ ಲೆಕ್ಕದಲ್ಲಿ ಬೆಂಗಳೂರಿನವರೇ ಅದೃಷ್ಟವಂತರು. ನಿಮ್ಮ ಮಗ ಬೆಳಗ್ಗೆ ಏಳಕ್ಕೆ ನಿದ್ದೆಗಣ್ಣಲ್ಲಿ ಒದ್ದಾಡುವ ಹೊತ್ತಿಗೆ ನೀವು ಊಟಕ್ಕೆ ಮುಂಚೆ ಆರಾಮವಾಗಿ ಕುಳಿತಿರುತ್ತೀರಿ. ಯೊಸೆಮಿಟಿಯ ಕಣಿವೆಯೊಳಗಿನ ಕ್ಯಾಂಪ್‌ಗ್ರೌಂಡುಗಳದು ಬೇರೆ ಪದ್ಧತಿ: ನಾಲ್ಕೈದು ತಿಂಗಳು ಮೊದಲು, ಪ್ರತಿ ತಿಂಗಳ 15ರಂದು ಒಂದೊಂದು ತಿಂಗಳ ಕಂತು ಬಿಡುಗಡೆಯಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ತತ್ಕಾಲ್ ಟಿಕೆಟ್ ಮಾಡಿಸಿ ಅಭ್ಯಾಸವಿರುವವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸಿಗದಿದ್ದರೆ ಅಲ್ಲಿಗೇ ಕೈಬಿಡಬೇಡಿ. ಯಾರಾದರೂ ರದ್ದು ಮಾಡಿದರೆ ತಿಳಿಸುವಂತೆ ಅದೇ ಜಾಲತಾಣದಲ್ಲಿ ಸೂಚನೆ ಇಟ್ಟುಕೊಳ್ಳಬಹುದು.

ದರದ ಮಾತಿಗೆ ಬಂದರೆ, ಫಾರೆಸ್ಟ್ ಸರ್ವಿಸ್ ಕ್ಯಾಂಪ್‌ಗ್ರೌಂಡುಗಳಲ್ಲಿ ಬಹಳ ಕಡೆ ರಾತ್ರಿಗೆ 20ರಿಂದ 35 ಡಾಲರ್, ಅದರ ಮೇಲೆ ವಾಪಸಾಗದ ಬುಕ್ಕಿಂಗ್ ಶುಲ್ಕ. ಇದು ತಲೆಗಲ್ಲ, ಜಾಗಕ್ಕೆ. ನೀವು ಐವರೂ ಒಂದೇ ಜಾಗದಲ್ಲಿ ಇರಬಹುದು. ಬುಕ್ಕಿಂಗ್ ಇಲ್ಲದೆ, ಮೊದಲು ಬಂದವರಿಗೆ ಕೊಡುವ ಕ್ಯಾಂಪ್‌ಗ್ರೌಂಡುಗಳೂ ಇವೆ. ಬಾಗಿಲಲ್ಲಿ ಕಬ್ಬಿಣದ ಕೊಳವೆಯಂಥ ಹುಂಡಿಯೊಂದು ನೆಲದಲ್ಲಿ ನೆಟ್ಟಿರುತ್ತದೆ. ಪಕ್ಕದಲ್ಲಿಟ್ಟ ಲಕೋಟೆಯ ಮೇಲೆ ಕಾರಿನ ಸಂಖ್ಯೆ ಬರೆದು, ನೋಟು ಹಾಕಿ, ಚೀಟಿಯ ಅರ್ಧ ಹರಿದು ಇಟ್ಟುಕೊಂಡು, ಉಳಿದದ್ದನ್ನು ಹುಂಡಿಗೆ ಹಾಕಬೇಕು. ಹರಿದ ಅರ್ಧವನ್ನು ನಿಮ್ಮ ಜಾಗದ ಕಂಬಕ್ಕೆ ಸಿಕ್ಕಿಸಿದರೆ ಅದು ನಿಮ್ಮದಾಯಿತು. ಚಿಲ್ಲರೆ ಕೊಡಲು ಅಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ಒಂದು, ಐದು ಡಾಲರಿನ ನೋಟುಗಳಿರಲಿ. ಭಾನುವಾರದಿಂದ ಗುರುವಾರದೊಳಗೆ, ಮಧ್ಯಾಹ್ನಕ್ಕೆ ಮುಂಚೆ ತಲುಪಿದರೆ ಜಾಗ ಸಿಗುವ ಸಂಭವ ಹೆಚ್ಚು. ಹೊರಗೆ ಪುಕ್ಕಟೆಯಾಗಿ ಮಲಗಿದರೂ ಉದ್ಯಾನದ ಪ್ರವೇಶ ಶುಲ್ಕ ತಪ್ಪುವುದಿಲ್ಲ: 2026ರ ಜನವರಿಯಿಂದ ಗ್ರ್ಯಾಂಡ್ ಕ್ಯಾನಿಯನ್, ಯೊಸೆಮಿಟಿ ಸೇರಿ 11 ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕವಿದೆ, ಅವರಿಗೆಂದೇ ಇರುವ ವಾರ್ಷಿಕ ಪಾಸಿನ ಬೆಲೆ 250 ಡಾಲರ್. ನಿಮ್ಮ ಲೆಕ್ಕದಲ್ಲಿ ಟೆಂಟಿನ ಉಳಿತಾಯಕ್ಕಿಂತ ಇದೇ ದೊಡ್ಡ ಬಾಬತ್ತಾಗಬಹುದು.

ಬಾಡಿಗೆ ಕಾರಿನ ಕರಾರನ್ನು ಮಗನಿಗೆ ಓದಲು ಹೇಳಿ. ಡಾಂಬರಿಲ್ಲದ ರಸ್ತೆಗೆ ಇಳಿಸಬಾರದೆಂದು ಬಹಳಷ್ಟು ಕಂಪನಿಗಳು ಬರೆದಿರುತ್ತವೆ, ಪುಕ್ಕಟೆ ಜಾಗಗಳಿರುವುದು ಹೆಚ್ಚಾಗಿ ಮಣ್ಣುರಸ್ತೆಯಲ್ಲೇ. ಒಲೆಯ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಿ. ಇನ್ನು ಮನೆಯಿಂದ ಕಟ್ಟಿಕೊಂಡು ಹೋಗುವ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಉಪ್ಪಿನಕಾಯಿ: ಯೊಸೆಮಿಟಿಯಲ್ಲಿ ಇವನ್ನೂ, ಟೂತ್‌ಪೇಸ್ಟ್, ಸೋಪನ್ನೂ ರಾತ್ರಿ ಕಾರಿನಲ್ಲಿಡದೆ ಕ್ಯಾಂಪ್‌ಗ್ರೌಂಡಿನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಅಗುಳಿ ಹಾಕಬೇಕು. ಇಂಗಿನ ವಾಸನೆಗೆ ಕರಡಿ ಕಾರಿನ ಬಾಗಿಲನ್ನೇ ಕಿತ್ತರೆ ಆಶ್ಚರ್ಯವಿಲ್ಲ.

ನಿಮ್ಮ ಪ್ರಯಾಣಕ್ಕೆ ನನ್ನ ಸಲಹೆ ಇದು. ವಯಸ್ಸಾದವರೂ ಮಗುವೂ ಇರುವುದರಿಂದ ಎಲ್ಲ ರಾತ್ರಿಗಳನ್ನೂ ಪುಕ್ಕಟೆ ಮಾಡಿಕೊಳ್ಳುವ ಹಟ ಬೇಡ. ಯೊಸೆಮಿಟಿಯಲ್ಲಿ ಶೌಚಾಲಯವಿರುವ ಕ್ಯಾಂಪ್‌ಗ್ರೌಂಡಿನಲ್ಲೇ ಎರಡು ರಾತ್ರಿಗೆ ಪ್ರಯತ್ನಿಸಿ. ಟುಸಾಯನ್ ಬಳಿ ಮೊದಲ ರಾತ್ರಿಗೆ ಫಾರೆಸ್ಟ್ ಸರ್ವಿಸ್‌ನ ಟೆನ್-ಎಕ್ಸ್ ಕ್ಯಾಂಪ್‌ಗ್ರೌಂಡನ್ನು ಕಾಯ್ದಿರಿಸಿ, ಮರುದಿನ ಹಗಲಿನಲ್ಲೇ ಕಾಡುರಸ್ತೆಯಲ್ಲಿ ಒಂದು ಸುತ್ತು ಹೋಗಿ ಜಾಗ ನೋಡಿಕೊಂಡು ಎರಡನೆಯ ರಾತ್ರಿ ಅಲ್ಲಿಗೆ ಬದಲಾಯಿಸಬಹುದು. ಹೊರಡುವ ಮುಂಚೆ ಟೆಂಟನ್ನು ಒಮ್ಮೆ ಮನೆಯ ತಾರಸಿಯ ಮೇಲೆ ಬಿಚ್ಚಿ ನಿಲ್ಲಿಸಿ ನೋಡಿ. ಗೂಟ ಹೊಡೆಯಲಾಗದಿದ್ದರೂ ಯಾವ ಕೋಲು ಯಾವ ತೂತಿಗೆ ಎಂಬುದಾದರೂ ತಿಳಿದಿರುತ್ತದೆ.